ಮಾತು ಹೋಯಿತು, ಮಗ್ಗಿ ಉಳಿಯಿತು

ಲಕ್ವ ಹೊಡೆದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಪದ. ಆಯ್ತು.

ಹಸಿವಾ ಅಂದರೆ ಆಯ್ತು. ನೋವಿದೆಯಾ ಅಂದರೆ ಆಯ್ತು. ಫ್ಯಾನ್ ಹಾಕಲಾ ಅಂದರೆ ಕೈಯಾಡಿಸಿ ಬೇಡ ಅನ್ನುತ್ತಿದ್ದರು, ಬಾಯಿ ಮಾತ್ರ ಆಯ್ತು ಅನ್ನುತ್ತಿತ್ತು. ನಲವತ್ತು ವರ್ಷ ಅರಸೀಕೆರೆಯಲ್ಲಿ ಕಿರಾಣಿ ಅಂಗಡಿ ನಡೆಸಿದವರು ಅವರು. ಗಿರಾಕಿಗಳು ಅಕ್ಕಿ ಮನೆಗೆ ಕಳಿಸಿ ಅನ್ನಲಿ, ದುಡ್ಡು ಸಂಬಳ ಆದ ಮೇಲೆ ಕೊಡ್ತೀನಿ ಅನ್ನಲಿ, ಅಪ್ಪನ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ ಪದ. ದಿನಕ್ಕೆ ಎಷ್ಟು ನೂರು ಸಲವೋ. ಮಿಕ್ಕ ಪದಗಳೆಲ್ಲ ಒಂದು ಬೆಳಿಗ್ಗೆ ಹೋದವು. ಇದೊಂದು ನಾಲಿಗೆಗೆ ಅಂಟಿಕೊಂಡು ಉಳಿಯಿತು.

ಆವತ್ತಿನ ಬೆಳಿಗ್ಗೆ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಓದುವವರಲ್ಲಿ ಒಬ್ಬರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಆರೂವರೆಗೆ ಅಂಗಡಿಯ ಶಟರ್ ಎತ್ತಲು ಹೋದರು. ಬೀಗದ ಕೈ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡರು. ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ಎದುರಿನ ಟೀ ಅಂಗಡಿಯವರು ಬಂದು, 'ಯಾಕಣ್ಣ, ಹುಷಾರಿಲ್ವಾ' ಅಂದರಂತೆ. ಅಪ್ಪ ಏನೋ ಹೇಳಲು ಹೋದರು, ಬಾಯಿ ಒಂದು ಕಡೆಗೆ ವಾಲಿತ್ತು. ಮನೆಗೆ ಕರೆದುಕೊಂಡು ಬಂದು ಮಲಗಿಸಿದರು. ಪಿತ್ತ ಇರಬೇಕು ಅಂತ ಅಮ್ಮ ನಿಂಬೆ ಪಾನಕ ಮಾಡಿಕೊಟ್ಟರು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಬಿಪಿ ನೋಡಿ, ಜಾಸ್ತಿ ಇದೆ, ಮಾತ್ರೆ ಕೊಟ್ಟಿದ್ದೀವಿ, ರೆಸ್ಟ್ ಮಾಡಲಿ ಅಂದರು. ಹಾಸನಕ್ಕೆ ಹೊರಟಾಗ ಮಧ್ಯಾಹ್ನ ಎರಡು ದಾಟಿತ್ತು.

ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಯಾಕೆಂದರೆ ರಕ್ತನಾಳ ಒಡೆದು ಆಗುವ ಲಕ್ವವೂ ಇದೆ, ಅದಕ್ಕೆ ಇದೇ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೆ ಕುತ್ತು. ನಾವು ಹೊರಡುವ ಹೊತ್ತಿಗೇ ಏಳೂವರೆ ಗಂಟೆ ಕಳೆದಿತ್ತು. ಮೆದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲಿ ಒಂದು ಅಂದಾಜು ಬಂತು. ಆ ಲೆಕ್ಕ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಾನಕ ಕಲಸಿದ ಐದು ನಿಮಿಷ, ಕ್ಲಿನಿಕ್ ಮುಂದೆ ಚೀಟಿ ಹಿಡಿದು ಕೂತ ನಲವತ್ತು ನಿಮಿಷ, ಎಲ್ಲವನ್ನೂ ಗುಣಿಸುತ್ತಾ ಕೂತಿದ್ದೆ.

ಅದಕ್ಕೇ ಹೇಳುವುದು. ಮನೆಯಲ್ಲಿ ಯಾರಿಗಾದರೂ ಹೀಗೆ ಆದರೆ ನಗಲು ಹೇಳಿ, ಬಾಯಿ ಸೊಟ್ಟಗಾಗುತ್ತಾ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಜಾರುತ್ತಾ ನೋಡಿ. ಒಂದು ವಾಕ್ಯ ಹೇಳಿಸಿ, ತೊದಲುತ್ತಾರಾ ನೋಡಿ. ಒಂದಾದರೂ ಹೌದು ಅನ್ನಿಸಿದರೆ ಏನನ್ನೂ ಕುಡಿಸಬೇಡಿ, ನುಂಗುವ ಶಕ್ತಿಯೂ ಹೋಗಿರಬಹುದು. ಶುರುವಾದ ಹೊತ್ತು ನೆನಪಿಟ್ಟುಕೊಂಡು ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಓಡಿ. ನಾಟಿ ಔಷಧಿ, ಪಾರಿವಾಳದ ರಕ್ತ ಅಂತ ಹೇಳುವವರು ನಮಗೂ ಸಿಕ್ಕಿದ್ದರು. ಪ್ರೀತಿಯಿಂದಲೇ ಹೇಳುತ್ತಾರೆ. ಕೇಳಿಕೊಂಡು ನಿಂತರೆ ಕಳೆಯುವುದು ಅವೇ ನಿಮಿಷಗಳು.

ಇಷ್ಟೊಂದು ಬೇಗ ಯಾಕೆ ಸಾಯುತ್ತದೆ ಮೆದುಳು? ಕೈಗೆ ಹಗ್ಗ ಬಿಗಿದರೆ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಬಿಟ್ಟರೆ ಸರಿಹೋಗುತ್ತದೆ. ಮೆದುಳು ಹಾಗಲ್ಲ. ತೂಕದಲ್ಲಿ ದೇಹದ ನೂರರಲ್ಲಿ ಎರಡು ಪಾಲು, ಸುಮಾರು 1.3ರಿಂದ 1.4 ಕಿಲೋ. ಆದರೆ ಸುಮ್ನೆ ಕೂತಾಗಲೂ ದೇಹ ಉರಿಸುವ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಪ್ಪನ ಭಾಷೆಯಲ್ಲಿ ಹೇಳಬೇಕಾದರೆ ದೊಡ್ಡ ವ್ಯಾಪಾರ, ಗೋಡೌನ್ ಇಲ್ಲ. ಸರಕಿನ ಗಾಡಿ ನಿಮಿಷ ನಿಮಿಷಕ್ಕೂ ಬರುತ್ತಲೇ ಇರಬೇಕು. ಗಾಡಿ ನಿಂತ ಕ್ಷಣದಿಂದ ಅಂಗಡಿ ಖಾಲಿ.

ಮಾರನೇ ದಿನ ಇನ್ನೊಂದು ಸ್ಕ್ಯಾನ್ ತೆಗೆದು ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆ ಕಪ್ಪಗೆ ಮಸಿ ಚೆಲ್ಲಿದ ಹಾಗೆ ಒಂದು ಜಾಗ. 'ಫಿಲ್ಮಿನಲ್ಲಿ ಬಲಕ್ಕೆ ಕಾಣೋದು ನಿಮ್ಮ ತಂದೆಯವರ ಎಡಗಡೆ' ಅಂದರು. ಎಡ ಮೆದುಳಿನಿಂದ ಹೊರಟ ನರಗಳು ಕುತ್ತಿಗೆಗಿಂತ ಸ್ವಲ್ಪ ಮೇಲೆ, ಮೆದುಳಿನ ಬುಡದಲ್ಲಿ, ದಾಟಿ ಬಲಕ್ಕೆ ಹೋಗುತ್ತವೆ. ಬಲದವು ಎಡಕ್ಕೆ. ಅದಕ್ಕೇ ಎಡಗಡೆ ಪೆಟ್ಟಾದರೆ ಬಲಗೈ ಬಲಗಾಲು ಬೀಳುತ್ತವೆ. ಬಲಗೈ ಬಳಸುವವರಲ್ಲಿ ಹೆಚ್ಚಿನವರಿಗೆ ಮಾತಿನ ಕೆಲಸವೂ ಎಡಗಡೆಯೇ. ಒಂದೇ ರಕ್ತನಾಳ ಎರಡಕ್ಕೂ ಊಟ ಹಾಕುತ್ತದೆ. ಅಪ್ಪನಿಗೆ ಕೈ, ಮಾತು ಎರಡೂ ಒಟ್ಟಿಗೆ ಹೋದದ್ದು ಅದಕ್ಕೇ.

ಆಸ್ಪತ್ರೆಗೆ ನೋಡಲು ಬಂದವರಲ್ಲಿ ಎರಡು ಥರದವರಿದ್ದರು. ಒಂದು ಥರದವರು ಅಪ್ಪನ ಕಿವಿಯ ಹತ್ತಿರ ಬಂದು ಜೋರಾಗಿ ಕೂಗುತ್ತಿದ್ದರು, ಕಿವಿ ಕೇಳಿಸದವರಿಗೆ ಕೂಗುವ ಹಾಗೆ. ಇನ್ನೊಂದು ಥರದವರು ಅಪ್ಪನ ಎದುರಿಗೇ ನಿಂತು ಅಪ್ಪನ ಬಗ್ಗೆ ನಮ್ಮ ಹತ್ತಿರ ಮಾತಾಡುತ್ತಿದ್ದರು. 'ಪಾಪ, ಬುದ್ಧೀನೇ ಹೋಗ್ಬಿಟ್ಟಿದೆ. ಇನ್ನು ಏನೂ ಗೊತ್ತಾಗಲ್ಲ ಬಿಡಿ' ಅಂತ ಹತ್ತಿರದ ನೆಂಟರೊಬ್ಬರು ಮಂಚದ ಕಂಬಿ ಹಿಡಿದುಕೊಂಡು ಹೇಳಿದರು. ನಾನು ಅಪ್ಪನ ಮುಖ ನೋಡಿದೆ. ಕಣ್ಣಂಚಿನಲ್ಲಿ ನೀರು ಬಂದು ಕಿವಿ ಕಡೆಗೆ ಇಳಿಯಿತು. ಆಮೇಲೆ ತುಂಬ ಮೆಲ್ಲಗೆ, ಉಸಿರು ಬಿಟ್ಟ ಹಾಗೆ, 'ಆಯ್ತು' ಅಂದರು.

ಗೊತ್ತಾಗಲ್ಲ ಅಂತ ಯಾರು ಹೇಳಿದ್ದು? ಆ ಒಂದು ಪದವನ್ನು ಅಪ್ಪ ಎಷ್ಟು ರೀತಿ ಹೇಳುತ್ತಿದ್ದರು ಅಂತ ಕೇಳಿದವರಿಗೆ ಗೊತ್ತು. ಪ್ರಶ್ನೆ ಕೇಳುವ ಆಯ್ತು, ಅದರ ಕೊನೆ ಮೇಲೇರುತ್ತಿತ್ತು. ಸಿಟ್ಟಿನ ಆಯ್ತು, ಅದು ತುಂಡಾಗುತ್ತಿತ್ತು. ಮೊಮ್ಮಗ ಬಂದಾಗ ಎಳೆದು ಎಳೆದು ಮುದ್ದಿನ ಆಯ್ತು. ಪದ ಒಂದೇ, ರಾಗ ಬೇರೆ ಬೇರೆ. ಮಾತಿನ ಏರಿಳಿತ ನೋಡಿಕೊಳ್ಳುವ ಕೆಲಸದಲ್ಲಿ ಬಲ ಮೆದುಳಿಗೆ ದೊಡ್ಡ ಪಾಲಿದೆ, ಅಪ್ಪನ ಬಲ ಮೆದುಳು ಪೂರ್ತಿ ಚೆನ್ನಾಗಿತ್ತು ಅಂತ ನನಗೆ ಆಮೇಲೆ ತಿಳಿಯಿತು. ಪದಗಳ ಡಬ್ಬಗಳೆಲ್ಲ ಕೈಗೆ ಸಿಗದಂತಾದಾಗ, ಸಿಕ್ಕ ಒಂದೇ ಡಬ್ಬದಲ್ಲಿ ಎಲ್ಲವನ್ನೂ ತುಂಬಿ ಕೊಡುತ್ತಿದ್ದರು.

ಇದನ್ನು ಓದುತ್ತಾ ಹೋದಾಗ ನನಗೆ ಸಿಕ್ಕಿದವನು ಲೆಬೋರ್ನ್. ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ 21 ವರ್ಷ ಇದ್ದವನು. ಅವನ ಬಾಯಲ್ಲಿ ಉಳಿದಿದ್ದದ್ದೂ ಒಂದೇ ಶಬ್ದ, 'ತಾನ್'. ಏನು ಕೇಳಿದರೂ ತಾನ್, ತಾನ್. ಆಸ್ಪತ್ರೆಯವರು ಅವನನ್ನು ಕರೆಯುತ್ತಿದ್ದದ್ದೂ ತಾನ್ ಅಂತಲೇ. 1861ರ ಏಪ್ರಿಲ್‌ನಲ್ಲಿ ಕಾಲು ಕೊಳೆತು ಅವನನ್ನು ಪಾಲ್ ಬ್ರೋಕಾ ಎಂಬ ಸರ್ಜನ್ ಹತ್ತಿರ ತಂದರು. ಬ್ರೋಕಾ ಪರೀಕ್ಷೆ ಮಾಡಿದ. ಲೆಬೋರ್ನ್‌ಗೆ ಕೇಳಿದ್ದು ಬಹುಪಾಲು ಅರ್ಥವಾಗುತ್ತಿತ್ತು. ಅಂಕಿ ಕೇಳಿದರೆ ಎಡಗೈ ಬೆರಳಲ್ಲಿ ಎಣಿಸಿ ತೋರಿಸುತ್ತಿದ್ದ. ತನ್ನ ಸನ್ನೆ ಎದುರಿನವರಿಗೆ ತಿಳಿಯದಿದ್ದಾಗ ಸಿಟ್ಟು ಬಂದು, ಅದುವರೆಗೆ ತಾನ್ ಬಿಟ್ಟು ಬೇರೇನೂ ಆಡದ ಬಾಯಿಂದ ಪೂರಾ ಒಂದು ಬೈಗುಳ ಹೊರಗೆ ಬರುತ್ತಿತ್ತು.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಅಮ್ಮನಿಗೆ ಫೋನ್ ಮಾಡಿದೆ. ಯಾಕೆಂದರೆ ಅದರ ಹಿಂದಿನ ವಾರವಷ್ಟೇ, ಬಟ್ಟಲು ಕೈಜಾರಿ ಗಂಜಿ ಎಲ್ಲ ಮೈಮೇಲೆ ಚೆಲ್ಲಿದಾಗ, ಅಪ್ಪನ ಬಾಯಿಂದ ಬೈಗುಳ ಅಚ್ಚುಕಟ್ಟಾಗಿ ಬಂದಿತ್ತು. ಮಾತು ವಾಪಸ್ ಬಂತು ಅಂತ ಅಮ್ಮ ಖುಷಿಯಿಂದ ಕುಣಿದಾಡಿದ್ದರು. ಇನ್ನೊಂದು ಸಲ ಹೇಳಿ ಅಂದರೆ ಬರಲಿಲ್ಲ.

ಬ್ರೋಕಾ ಹತ್ತಿರ ಬಂದ ಆರೇ ದಿನಕ್ಕೆ, ಏಪ್ರಿಲ್ 17ರಂದು, ಲೆಬೋರ್ನ್ ತೀರಿಕೊಂಡ. ಅವನಿಗೆ 51 ವರ್ಷ. ತಲೆ ತೆರೆದು ನೋಡಿದಾಗ ಎಡಗಡೆ, ಹಣೆಯ ಪಕ್ಕ, ಕಣತಲೆಗಿಂತ ಸ್ವಲ್ಪ ಮುಂದಕ್ಕೆ, ಮೆದುಳು ಹಾಳಾಗಿ ಹಳ್ಳ ಬಿದ್ದಿತ್ತು. ಮಾತು ಹೊರಡಿಸುವ ಜಾಗ ಇದು ಅಂತ ಬ್ರೋಕಾ ಹೇಳಿದ. ಈಗಲೂ ಆ ಜಾಗಕ್ಕೆ ಅವನದೇ ಹೆಸರು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದರ ತಿರುವುಮುರುವು ಕೇಸುಗಳನ್ನು ಬರೆದ. ಅಲ್ಲಿ ಕಿವಿಯ ಹಿಂಭಾಗಕ್ಕೆ ಹತ್ತಿರದ ಜಾಗಕ್ಕೆ ಪೆಟ್ಟು. ಅಂಥವರು ನಿಲ್ಲದೆ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥ ಇರುವುದಿಲ್ಲ, ನಾವು ಹೇಳಿದ್ದೂ ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಎರಡಕ್ಕೂ ಡಾಕ್ಟರುಗಳು ಅಫೇಸಿಯಾ ಅನ್ನುತ್ತಾರೆ. ನಮ್ಮ ಕಡೆ ಎರಡಕ್ಕೂ ಮಾತು ಬಿದ್ದೋಗಿದೆ ಅಂತ ಒಂದೇ ಹೆಸರು.

ಬ್ರೋಕಾ ಒಂದು ಒಳ್ಳೆಯ ಕೆಲಸ ಮಾಡಿದ್ದ. ಆ ಮೆದುಳನ್ನು ಕೊಯ್ಯದೆ ಇಡಿಯಾಗಿ ಉಳಿಸಿದ. ಸುಮಾರು ಒಂದೂವರೆ ಶತಮಾನ ಪ್ಯಾರಿಸ್‌ನಲ್ಲಿ ಅದು ಜಾಡಿಯಲ್ಲಿತ್ತು. 2007ರಲ್ಲಿ ಅದರ ಎಂಆರ್‌ಐ ಸ್ಕ್ಯಾನ್ ವಿವರ ಹೊರಬಂತು. ಮೇಲೆ ಕಾಣುವ ಹಳ್ಳಕ್ಕಿಂತ ಹಾನಿ ತುಂಬ ಆಳಕ್ಕೆ ಹೋಗಿತ್ತು. ಮೆದುಳಿನ ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ನಡುವೆ ಓಡಾಡುವ ನರಗಳ ಕಟ್ಟು ಕೂಡ ತುಂಡಾಗಿತ್ತು. ಮಾತು ಒಂದು ಊರಲ್ಲಿ ಕೂತಿರುವುದಲ್ಲ, ಊರುಗಳ ನಡುವೆ ದಾರಿ ಸರಿ ಇದ್ದರೆ ಮಾತ್ರ ಹೊರಡುತ್ತದೆ ಅಂತ ನನಗೆ ಅರ್ಥವಾಯಿತು. ಅರಸೀಕೆರೆ ಜಂಕ್ಷನ್ ಹತ್ತಿರ ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ಟೇಷನ್ ಚೆನ್ನಾಗಿದ್ದು ಹಳಿ ಕಿತ್ತುಹೋದರೆ ರೈಲು ಎಲ್ಲಿಂದ ಬರಬೇಕು?

ಬೆಂಗಳೂರಿಗೆ ಕೆಲಸಕ್ಕೆ ವಾಪಸಾದ ಮೇಲೆ ಒಂದು ಶನಿವಾರ ನಿಮ್ಹಾನ್ಸ್‌ನ ಮೆದುಳಿನ ಮ್ಯೂಸಿಯಂಗೆ ಹೋದೆ. ಹೊಸೂರು ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಹಾದುಹೋಗುವವರಿಗೂ ಒಳಗೆ ಇಂಥದ್ದೊಂದಿದೆ ಅಂತ ಗೊತ್ತಿರುವುದಿಲ್ಲ. ನ್ಯೂರೋಪೆಥಾಲಜಿ ವಿಭಾಗದ್ದು ಅದು. ಡಾ. ಎಸ್. ಕೆ. ಶಂಕರ್ ಮತ್ತು ಅವರ ಜೊತೆಯವರು ವರ್ಷಾನುಗಟ್ಟಲೆ ಕೂಡಿಸಿದ ಮೆದುಳುಗಳು ಪಾರದರ್ಶಕ ಡಬ್ಬಗಳಲ್ಲಿ ಸಾಲಾಗಿವೆ. ಲಾಡಿಹುಳದ ಮರಿಗಳು ಸೇರಿಕೊಂಡು ತೂತು ತೂತಾದ ಮೆದುಳು. ಗಡ್ಡೆ ಬೆಳೆದದ್ದು. ವಯಸ್ಸಾಗಿ ಕುಗ್ಗಿದ್ದು. ಬೈಕಿನಿಂದ ಬಿದ್ದವರದು. ಆ ಡಬ್ಬದ ಮುಂದೆ ಕಾಲೇಜು ಹುಡುಗರು ಸುಮಾರು ಹೊತ್ತು ಮಾತಿಲ್ಲದೆ ನಿಂತಿದ್ದರು.

ಕೊನೆಯಲ್ಲಿ ಒಂದು ಟ್ರೇ. ಗ್ಲೌಸ್ ಹಾಕಿಕೊಂಡು ಬೇಕಾದವರು ಕೈಗೆ ತೆಗೆದುಕೊಳ್ಳಬಹುದು ಅಂದರು. ತೆಗೆದುಕೊಂಡೆ.

ಭಾರ ಇತ್ತು. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಫಾರ್ಮಲಿನ್‌ನಲ್ಲಿ ಇಟ್ಟಿದ್ದರಿಂದ ಗಟ್ಟಿಯಾಗಿತ್ತು, ಬೆರಳು ಒತ್ತಿದರೆ ರಬ್ಬರಿನ ಥರ ತಡೆಯುತ್ತಿತ್ತು. ಬದುಕಿರುವಾಗ ಹೀಗಿರುವುದಿಲ್ಲ, ಗಿಣ್ಣಿನಷ್ಟು ಮೆತ್ತಗೆ, ಹಿಡಿದುಕೊಂಡರೆ ತನ್ನ ಭಾರಕ್ಕೇ ಕುಸಿಯುತ್ತದೆ ಅಂದರು ವಿವರಿಸುತ್ತಿದ್ದವರು. ಅದಕ್ಕೇ ತಲೆಬುರುಡೆಯೊಳಗೆ ನೀರಿನಲ್ಲಿ ತೇಲಿಸಿಟ್ಟಿರುವುದು. ಮೇಲಿನ ಪದರ, ಅಂದರೆ ನಾವು ಯೋಚನೆ, ಮಾತು, ನೋಟ ಅನ್ನುವುದೆಲ್ಲ ನಡೆಯುವ ಕಾರ್ಟೆಕ್ಸ್, ದಪ್ಪದಲ್ಲಿ 2ರಿಂದ 4 ಮಿಲಿಮೀಟರ್ ಅಷ್ಟೆ. ಅಕ್ಕಿ ರೊಟ್ಟಿಯಷ್ಟು. ಆದರೆ ಸುಕ್ಕು ಬಿಡಿಸಿ ಹಾಸಿದರೆ ದಿನಪತ್ರಿಕೆಯ ಒಂದು ಪುಟದಷ್ಟು ಅಗಲ. ಮೂರರಲ್ಲಿ ಎರಡು ಪಾಲು ಮಡಿಕೆಗಳ ಸಂದಿಯಲ್ಲಿ ಅಡಗಿದೆ. ಪೇಪರ್ ಪುಟವನ್ನು ಮುದುರಿ ಬೊಗಸೆಯಲ್ಲಿ ಹಿಡಿಸಿದ ಹಾಗೆ. ನನಗೆ ನೆನಪಾದದ್ದು ಅಪ್ಪ ಪೊಟ್ಟಣ ಕಟ್ಟುತ್ತಿದ್ದ ಹಳೆ ಪೇಪರು.

ಹಿಂದೆ, ಕೆಳಗೆ, ಪುಟ್ಟ ಹೂಕೋಸಿನ ಹಾಗೆ ಒಂದು ಗೆಡ್ಡೆ. ಸೆರೆಬೆಲ್ಲಂ, ಕಿರುಮೆದುಳು. ತೂಕದಲ್ಲಿ ಮೆದುಳಿನ ಹತ್ತನೇ ಒಂದು ಪಾಲು. ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಮೆದುಳನ್ನು ಕರಗಿಸಿ ಸಾರಿನಂತೆ ಮಾಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸಿ, 2009ರಲ್ಲಿ ಲೆಕ್ಕ ಕೊಟ್ಟರು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಅದರಲ್ಲಿ ಸುಮಾರು 6,900 ಕೋಟಿ ಈ ಪುಟ್ಟ ಗೆಡ್ಡೆಯಲ್ಲೇ ಇವೆ. ಕಾರ್ಟೆಕ್ಸ್‌ನಲ್ಲಿ ಇರುವುದು ಸುಮಾರು 1,600 ಕೋಟಿ. ಕೈಕಾಲು ತಪ್ಪದೆ, ತಡವರಿಸದೆ, ಹೊತ್ತಿಗೆ ಸರಿಯಾಗಿ ಆಡಬೇಕಾದರೆ ಅಷ್ಟು ಜನ ಹಿಂದೆ ಕೂತು ದುಡಿಯಬೇಕು.

ಎಡಗಡೆ ತಿರುಗಿಸಿ, ಬ್ರೋಕಾ ಹೇಳಿದ ಜಾಗ ತೋರಿಸಿ ಅಂತ ಕೇಳಿದೆ. ಅವರು ಬೆರಳಿಟ್ಟರು. ನನ್ನ ಹೆಬ್ಬೆರಳು ಊರಿದರೆ ಬಹುಪಾಲು ಮುಚ್ಚಿಹೋಗುವಷ್ಟು ಜಾಗ. ನಾನು ಹೆಬ್ಬೆರಳು ಇಟ್ಟೆ. ತೆಗೆಯಲು ಸ್ವಲ್ಪ ಹೊತ್ತು ಆಯಿತು. ಇದು ಯಾರದೋ ತಲೆ. ಇವರೂ ಯಾರನ್ನೋ ಹೆಸರು ಹಿಡಿದು ಕರೆದಿದ್ದಾರೆ. ಅವರ ಮನೆಯವರು ದುಃಖದಲ್ಲಿದ್ದಾಗಲೂ ಇದನ್ನು ಕೊಡಲು ಒಪ್ಪಿದ್ದರಿಂದ ನನ್ನಂಥವಳಿಗೆ ತನ್ನ ಅಪ್ಪನಿಗೆ ಏನಾಯಿತು ಅಂತ ಮುಟ್ಟಿ ತಿಳಿಯಲು ಆಯಿತು. ಅವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ.

ಹೊರಗೆ ಬಂದು ಮರದ ಕೆಳಗೆ ಕೂತೆ. ನನ್ನನ್ನು ಕಾಡಿದ ಪ್ರಶ್ನೆ ಇದು. ಆ ಹೆಬ್ಬೆರಳಷ್ಟು ಜಾಗ, ಅದರ ಕೆಳಗಿನ ದಾರಿಗಳು ಹಾಳಾದವು, ಸರಿ. ಹಾಗಾದರೆ ಅಪ್ಪನಲ್ಲಿ ಏನೇನು ಉಳಿದಿದೆ?

ಉತ್ತರ ಸಿಕ್ಕಿದ್ದು ಊರಿನಲ್ಲಿ, ಮೂರು ಬೇರೆ ಬೇರೆ ದಿನ.

ಮೊದಲನೆಯದು ಉದ್ರಿ ಪುಸ್ತಕದ ದಿನ. ಅಪ್ಪ ಮಲಗಿದ ಮೇಲೆ ಅಂಗಡಿಯನ್ನು ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಿದ್ದ. ಸಂಜೆ ಲೆಕ್ಕ ತಂದು ಅಪ್ಪನ ಪಕ್ಕದಲ್ಲಿ ಇಡುತ್ತಿದ್ದ. ಅದು ಅಪ್ಪನಿಗೆ ಕೊಡುವ ಮರ್ಯಾದೆ ಅಷ್ಟೆ, ಓದುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಒಂದು ಸಂಜೆ ಅಪ್ಪ ಎಡಗೈ ಬೆರಳನ್ನು ಸಾಲಿನ ಮೇಲಿಂದ ಕೆಳಗೆ ಎಳೆಯುತ್ತಾ ಬಂದು, ಮೊತ್ತದ ಮೇಲೆ ನಿಲ್ಲಿಸಿ, 'ಆಯ್ತು! ಆಯ್ತು!' ಅಂತ ಕುಟ್ಟಿದರು. ಕೂಡಿ ನೋಡಿದೆವು. ನೂರು ರೂಪಾಯಿ ತಪ್ಪು. ದಶಕದ ದಸ್ತು ಬಿಟ್ಟುಹೋಗಿತ್ತು. ಬುದ್ಧಿ ಹೋಗಿದೆ ಅಂದವರನ್ನು ಆವತ್ತು ಕರೆಸಿ ಕೂರಿಸಬೇಕು ಅನ್ನಿಸಿತು ನನಗೆ.

ಎರಡನೆಯದು ಪೊಟ್ಟಣದ ದಿನ. ಮೂರು ತಿಂಗಳಿಗೆ ಬಲಗೈಗೆ ಮುಕ್ಕಾಲು ಪಾಲು ಶಕ್ತಿ ಬಂದಿತ್ತು. ಮನೆಗೆ ಬರುತ್ತಿದ್ದ ಥೆರಪಿಸ್ಟ್ ಹುಡುಗಿ, 'ಅಂಕಲ್, ಅಂಗಡಿಯಲ್ಲಿ ಪೊಟ್ಟಣ ಹೇಗೆ ಕಟ್ತಿದ್ರಿ, ಖಾಲಿ ಕೈಯಲ್ಲಿ ಮಾಡಿ ತೋರಿಸಿ' ಅಂದರು. ಅಪ್ಪ ಎರಡೂ ಕೈ ಮುಂದಿಟ್ಟುಕೊಂಡು ನೋಡಿದರು. ಕೈಗಳು ಗಾಳಿಯಲ್ಲಿ ಎತ್ತೆತ್ತಲೋ ಹೋದವು. ಆಗಲಿಲ್ಲ. ತಲೆ ತಗ್ಗಿಸಿದರು. ಆ ಹುಡುಗಿ ಏನೂ ಹೇಳದೆ ಒಂದು ಪೇಪರ್ ಹಾಳೆ, ಒಂದು ಪಾವು ತೊಗರಿಬೇಳೆ, ದಾರದುಂಡೆ ತಂದು ಮುಂದಿಟ್ಟರು. ಅಪ್ಪ ಪೇಪರ್ ತಗೊಂಡರು. ಮೂಲೆ ಹಿಡಿದು ಸುರುಳಿ ಸುತ್ತಿ, ಬುಡ ತಿರುಚಿ, ಬೇಳೆ ಸುರಿದು, ಎರಡು ಸಲ ನೆಲಕ್ಕೆ ಕುಟ್ಟಿ, ಬಾಯಿ ಮಡಚಿ ಒಳಗೆ ತೂರಿಸಿ, ದಾರ ಅಡ್ಡ ಒಂದು, ಉದ್ದ ಒಂದು ಸುತ್ತಿ, ಬೆರಳಿಗೆ ಸುತ್ತಿಕೊಂಡು ಪಟ್ ಅಂತ ಹರಿದರು. ಇಪ್ಪತ್ತು ಸೆಕೆಂಡು ಹಿಡಿಯಲಿಲ್ಲ.

ಒಂದು ಕೆಲಸವನ್ನು ಬೇಕೆಂದು ನೆನೆಸಿಕೊಂಡು ನಟಿಸಿ ತೋರಿಸುವುದಕ್ಕೆ ಒಂದು ದಾರಿ. ವಸ್ತು ಕೈಗೆ ಬಂದಾಗ ಕೈ ತಾನೇ ಮಾಡುವುದಕ್ಕೆ ಬೇರೆ ದಾರಿ. ಮೊದಲನೆಯದು ಎಡ ಮೆದುಳಿನ ಪೆಟ್ಟಿನಲ್ಲಿ ಅನೇಕರಿಗೆ ಕೆಡುತ್ತದೆ. ಎರಡನೆಯದು ಉಳಿಯುವುದುಂಟು. ರೂಢಿಯ ಕೆಲಸ ನಮ್ಮ ಮೆದುಳಿನ ಒಳಭಾಗದ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳಲ್ಲಿ, ಕಿರುಮೆದುಳಿನಲ್ಲಿ, ಇನ್ನೂ ಹಲವು ಕಡೆ ಹಂಚಿ ಕೂತಿದೆ. ನೆನಪು ಒಂದೇ ಪೆಟ್ಟಿಗೆ ಅಲ್ಲ ಅಂತ ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಹೆನ್ರಿ ಮೊಲೈಸನ್. 1953ರಲ್ಲಿ ಫಿಟ್ಸ್ ನಿಲ್ಲಿಸಲು ಅವರ ಮೆದುಳಿನ ಎರಡೂ ಕಡೆ ಹೊಸ ನೆನಪು ಕೂಡಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಜಾಗದ ದೊಡ್ಡ ಭಾಗ ತೆಗೆದುಬಿಟ್ಟರು. ಅಲ್ಲಿಂದ ಅವರಿಗೆ ಹೊಸದಾಗಿ ಆದದ್ದು ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ಮೂರು ದಿನದಲ್ಲಿ ಕೈ ಪಳಗಿತು. ಆದರೆ ಪ್ರತಿ ದಿನವೂ ಅವರಿಗೆ ಅದು ಹೊಸ ಕೆಲಸ, ಹಿಂದೆ ಮಾಡಿದ್ದೇ ನೆನಪಿಲ್ಲ. ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು.

ಮೂರನೆಯದು ಮಗ್ಗಿಯ ದಿನ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ನನ್ನ ಅಣ್ಣನ ಮಗ ಮೂರನೇ ಕ್ಲಾಸು. ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಕೂತು ಒಂಬತ್ತರ ಮಗ್ಗಿ ಒಪ್ಪಿಸುತ್ತಿದ್ದ. ಒಂಬತ್ತೈದ್ಲ ನಲವತ್ತೈದು. ಒಂಬತ್ತಾರ್ಲ ಐವತ್ನಾಲ್ಕು. ಒಂಬತ್ತೇಳ್ಲ... ಒಂಬತ್ತೇಳ್ಲ...

'ಅರವತ್ಮೂರು.'

ಒಳಗಿನ ಮಂಚದಿಂದ. ಅಮ್ಮನ ಕೈಯಿಂದ ಸೌಟು ಬಿತ್ತು. ಅಪ್ಪ ನಿಲ್ಲಿಸಲಿಲ್ಲ. 'ಒಂಬತ್ತೆಂಟ್ಲ ಎಪ್ಪತ್ತೆರಡು. ಒಂಬತ್ತೊಂಬತ್ಲ ಎಂಬತ್ತೊಂದು. ಒಂಬತ್ತತ್ಲ ತೊಂಬತ್ತು.' ಒಂದು ಅಕ್ಷರ ತೊದಲಲಿಲ್ಲ. ಅದೇ ಹಳೇ ಗಂಟಲು, ಅದೇ ಅಂಗಡಿಯ ಗಂಟಲು.

ನಾನು ಓಡಿಹೋಗಿ ಕೇಳಿದೆ. 'ಅಪ್ಪಾ, ಒಂಬತ್ತು ಏಳ್ಲಿ ಎಷ್ಟು?' ಅಪ್ಪ ಬಾಯಿ ತೆರೆದರು. ತುಟಿ ನಡುಗಿತು. ಕೈಬೆರಳಲ್ಲಿ ಆರು ತೋರಿಸಿದರು, ಆಮೇಲೆ ಮೂರು. ಬಾಯಲ್ಲಿ ಬಂದದ್ದು ಆಯ್ತು.

ಉತ್ತರ ಗೊತ್ತು. ಕಿತ್ತು ಕೇಳಿದರೆ ಬರುವುದಿಲ್ಲ, ಹರಿಯುವುದರ ಜೊತೆಗೆ ಬಿಟ್ಟರೆ ಬರುತ್ತದೆ. ಇದನ್ನು ಗಮನಿಸಿದವರಲ್ಲಿ ನಾವೇನೂ ಮೊದಲಿಗರಲ್ಲ. 1745ರಷ್ಟು ಹಿಂದೆಯೇ ಸ್ವೀಡನ್‌ನ ಓಲೋಫ್ ದಾಲಿನ್ ಬರೆದಿದ್ದಾನೆ, ಮಾತು ನಿಂತುಹೋದ ಒಬ್ಬ ಮನುಷ್ಯ ಚರ್ಚಿನಲ್ಲಿ ಪ್ರಾರ್ಥನೆಯ ಹಾಡುಗಳನ್ನು ಪದ ಬಿಡದೆ ಹಾಡುತ್ತಿದ್ದ ಅಂತ. ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲಿ ಇದಕ್ಕೊಂದು ವಿವರಣೆ ಕೊಟ್ಟ. ಹೊಸದಾಗಿ ಯೋಚಿಸಿ ಕಟ್ಟುವ ಮಾತು ಬೇರೆ. ಬೈಗುಳ, ಎಣಿಕೆ, ಪ್ರಾರ್ಥನೆ, ಹೀಗೆ ತಾನಾಗಿ ಉರುಳುವ ಮಾತು ಬೇರೆ. ಎಡಗಡೆ ಕೆಟ್ಟರೆ ಮೊದಲನೆಯದು ಹೋಗುತ್ತದೆ, ಎರಡನೆಯದು ಎಷ್ಟೋ ಸಲ ಉಳಿಯುತ್ತದೆ. ಬಲ ಮೆದುಳು ಮತ್ತು ಒಳಗಿನ ಆ ಗಂಟುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ.

ಬಾಯಿಪಾಠ ಅಂದರೆ ಈಗ ಎಲ್ಲರಿಗೂ ತಾತ್ಸಾರ. ಅರ್ಥ ಮಾಡಿಕೊಂಡು ಕಲಿಯಬೇಕು, ಗಿಣಿಪಾಠ ಬೇಡ ಅಂತ ನಾನೂ ಹೇಳುತ್ತಿದ್ದವಳೇ. ಅರ್ಥ ಬೇಡ ಅಂತ ಈಗಲೂ ಹೇಳುವುದಿಲ್ಲ. ಆದರೆ ಅಪ್ಪನ ಕೂಲಿಮಠದಂಥ ಶಾಲೆಯಲ್ಲಿ ಮೇಷ್ಟ್ರು ಬೆತ್ತ ಹಿಡಿದು ರಾಗವಾಗಿ ಹೇಳಿಸಿದ ಮಗ್ಗಿ, ಅರವತ್ತು ವರ್ಷ ಆದ ಮೇಲೆ, ಎಲ್ಲ ಸುಟ್ಟುಹೋದ ಜಾಗದ ಪಕ್ಕದಲ್ಲಿ, ಒಂದು ಎಳೆಯೂ ಕಂದದೆ ಕೂತಿತ್ತಲ್ಲ. ಅದನ್ನು ನೋಡಿದ ಮೇಲೆ ನಾನು ಆ ಮಾತನ್ನು ಅಷ್ಟು ಸಲೀಸಾಗಿ ಆಡುವುದಿಲ್ಲ.

ಮೈಸೂರಿಗೆ ಕರೆದುಕೊಂಡು ಹೋದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಮಾತಿನ ತೊಂದರೆ ಇರುವ ಮಕ್ಕಳು, ಲಕ್ವ ಹೊಡೆದ ಹಿರಿಯರು, ಎಲ್ಲ ಒಂದೇ ಕಾರಿಡಾರಿನಲ್ಲಿ ಕಾದು ಕೂತಿರುತ್ತಾರೆ. ಮಗ್ಗಿಯ ವಿಷಯ ಹೇಳಿದಾಗ ಅಲ್ಲಿಯ ಥೆರಪಿಸ್ಟ್ ಮುಖ ಅರಳಿತು. ಅಪ್ಪನ ಎಡಗೈ ಹಿಡಿದು ಮೇಜಿನ ಮೇಲೆ ತಾಳ ಹಾಕಿಸುತ್ತಾ, ನೀ-ರು ಬೇ-ಕು ಅಂತ ಎರಡೇ ಸ್ವರದಲ್ಲಿ ಎಳೆದು ಹಾಡಿಸಿದರು. ಮೊದಲು ಅವರ ಜೊತೆ ಗುನುಗುವುದು. ಆಮೇಲೆ ಜೊತೆಯಲ್ಲೇ ಪದ. ಆಮೇಲೆ ಅವರು ಅರ್ಧಕ್ಕೆ ಬಿಟ್ಟು ಅಪ್ಪ ಮುಗಿಸುವುದು. 1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಶುರುವಾದ ಪದ್ಧತಿ ಇದು. ಮಾತು ಹಳೇ ದಾರಿಯಲ್ಲಿ ಬರದಿದ್ದರೆ ಹಾಡಿನ ದಾರಿಯಲ್ಲಿ ಸುತ್ತಿಸಿಕೊಂಡು ತರುವುದು.

ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಆದರೆ ಸುತ್ತಲಿನವು ಹೊಸ ಕೊಂಡಿ ಹಾಕಿಕೊಳ್ಳುತ್ತವೆ. ಎರಡು ಕೋಶಗಳು ಒಂದನ್ನೊಂದು ಮುಟ್ಟುವುದೂ ಇಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದಿ. ಈ ತುದಿಗೆ ವಿದ್ಯುತ್ತಿನ ಮಿಡಿತ ಬಂದಾಗ ಒಂದು ತೊಟ್ಟು ರಾಸಾಯನಿಕ ಆ ಸಂದಿಗೆ ಚೆಲ್ಲುತ್ತದೆ, ಆ ಕಡೆಯದು ಅದನ್ನು ಹಿಡಿದುಕೊಂಡು ಎಚ್ಚರವಾಗುತ್ತದೆ. ಒಂದೇ ಸಂದಿಯನ್ನು ಮತ್ತೆ ಮತ್ತೆ ದಾಟಿದರೆ ದಾಟುವುದು ಸುಲಭವಾಗುತ್ತಾ ಹೋಗುತ್ತದೆ. ಹೊಲದ ಬದುವಿನ ಮೇಲೆ ದಿನಾ ನಡೆದು ನಡೆದು ಕಾಲುದಾರಿ ಬೀಳುತ್ತದಲ್ಲ, ಹಾಗೆ. ಮೊದಲ ಕೆಲವು ತಿಂಗಳಲ್ಲಿ ಇದು ಜೋರು, ಆಮೇಲೆ ನಿಧಾನ. ಆದರೆ ನಿಂತೇಹೋಗುತ್ತದೆ ಅಂದುಕೊಳ್ಳಬೇಡಿ.

ಈಗ ಎರಡು ವರ್ಷ. ಅಪ್ಪನ ಹತ್ತಿರ ಅರವತ್ತು ಎಪ್ಪತ್ತು ಪದ ಇವೆ. ನೀರು, ಊಟ, ಬಾ, ಕೂತ್ಕೋ. ಅಮ್ಮನ ಹೆಸರು. ನನ್ನನ್ನು ಪುಟ್ಟಿ ಅಂತ ಕರೆದದ್ದು ಕಳೆದ ಯುಗಾದಿಗೆ. ಬೆಳಿಗ್ಗೆ ಹನ್ನೊಂದರವರೆಗೆ ಅಂಗಡಿಯಲ್ಲಿ ಕೂರುತ್ತಾರೆ.

ಹೋದ ವಾರ ನಾನೂ ಅಲ್ಲೇ ಇದ್ದೆ. ಪಕ್ಕದ ಬೀದಿಯ ಹೆಂಗಸೊಬ್ಬರು ಎಂಟು ಮೊಟ್ಟೆ ಕೇಳಿದರು. ಮೊಟ್ಟೆ ಏಳು ರೂಪಾಯಿ. ಅಪ್ಪ ಎಣಿಸಿ, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಕವರಿನಲ್ಲಿಟ್ಟರು. 'ಎಷ್ಟಾಯ್ತಣ್ಣ' ಅಂದರು ಅವರು. ಅಪ್ಪ ಬಾಯಿ ತೆರೆದರು. ಬರಲಿಲ್ಲ. ನಾನು ಹೇಳಲು ಹೋದೆ, ಅಪ್ಪ ಕೈ ಎತ್ತಿ ತಡೆದರು. ಕಣ್ಣು ಮುಚ್ಚಿಕೊಂಡರು. ಎಡಗೈ ಬೆರಳು ಗಲ್ಲಾಪೆಟ್ಟಿಗೆಯ ಮೇಲೆ ತಾಳ ಹಾಕಲು ಶುರುಮಾಡಿತು.

'ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಏಳ್ಮೂರ್ಲ ಇಪ್ಪತ್ತೊಂದು.'

ಮೆಲ್ಲಗೆ, ತಮಗೆ ಮಾತ್ರ ಕೇಳುವಷ್ಟು. ಹಿಂದೆ ಇನ್ನಿಬ್ಬರು ಗಿರಾಕಿಗಳು ಬಂದು ನಿಂತರು. ಆ ಹೆಂಗಸು ಪರ್ಸ್ ಕೈಯಲ್ಲಿ ಹಿಡಿದು ಹಾಗೇ ಕಾದರು. ಈ ಬೀದಿಯವರಿಗೆಲ್ಲ ಈಗ ರೂಢಿಯಾಗಿದೆ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಮೂವತ್ತೈದು ಆಯಿತು, ನಲವತ್ತೆರಡು ಆಯಿತು, ನಲವತ್ತೊಂಬತ್ತು ಆಯಿತು.

'ಏಳೆಂಟ್ಲ ಐವತ್ತಾರು.' ಅಪ್ಪ ಕಣ್ಣು ತೆರೆದರು. ಆಕೆಯ ಮುಖ ನೋಡಿ, ಗಟ್ಟಿಯಾಗಿ ಹೇಳಿದರು. 'ಐವತ್ತಾರು.'

'ತಗೊಳ್ಳಿ ಅಣ್ಣ' ಅಂತ ಅವರು ಅರವತ್ತು ಕೊಟ್ಟರು. ಅಪ್ಪ ನಾಲ್ಕು ರೂಪಾಯಿ ಚಿಲ್ಲರೆ ಎಣಿಸಿ ಅವರ ಕೈಗಿಟ್ಟರು.